ಅಜ್ಜಿಯ ಕೋಣೆಗೆ ಬರೆದ ನಿಯಮಗಳು

ಕಾಪುವಿನ ನಮ್ಮ ಅಜ್ಜಿಮನೆಯಲ್ಲಿ ರೌಟರ್ ಇರುವುದು ದೇವರ ಫೋಟೋಗಳ ಪಕ್ಕದಲ್ಲಿ. ಕೇಬಲ್ ಎಳೆಯಲು ಬಂದವನಿಗೆ ಅಲ್ಲೊಂದು ಮೊಳೆ ಮೊದಲೇ ಸಿಕ್ಕಿತು, ಕಾರಣ ಅಷ್ಟೇ. ಮಾವನ ಹೆಂಡತಿಯನ್ನು ನಾವು ಮಾಮಿ ಎನ್ನುತ್ತೇವೆ. ಮಾಮಿ ಸಂಜೆ ದೀಪ ಹಚ್ಚಿ, ದೇವರಿಗೆ ಊದುಬತ್ತಿ ತೋರಿಸಿ, ಎತ್ತಿದ ಕೈಯಲ್ಲೇ ರೌಟರಿಗೂ ಒಂದು ಸುತ್ತು ತೋರಿಸುತ್ತಾರೆ.

"ಅದಕ್ಕೆ ಎಂತಕ್ಕೆ ಮಾಮಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಅದು ಕೆಟ್ಟರೆ ನೀನು ಮಣಿಪಾಲದಿಂದ ಬರುವವರೆಗೆ ಕಾಯಬೇಕು. ನಿನಗೆ ಕೈ ಮುಗಿಯುವುದಕ್ಕಿಂತ ಅದಕ್ಕೆ ಮುಗಿಯುವುದು ವಾಸಿ."

ನಾನು ಯಾವುದಕ್ಕೂ ಕೈ ಮುಗಿಯುವವಳಲ್ಲ. ಮಣಿಪಾಲದಲ್ಲಿ ಕಂಪ್ಯೂಟರ್ ಓದಿದೆ ಎಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ನಾನು ಓದಿದ್ದು ಚರ್ಚಾಸ್ಪರ್ಧೆಯ ವೇದಿಕೆಗಳಲ್ಲಿ. ಅಲ್ಲಿ ಕಲಿತ ಮೊದಲ ಪಾಠ, ಉಂಟು ಎನ್ನುವವನೇ ತೋರಿಸಬೇಕು. ಇಲ್ಲ ಎನ್ನುವವಳು ಸುಮ್ಮನೆ ಕುಳಿತರೂ ಸೋಲುವುದಿಲ್ಲ. ಕಾರ್ಕಳದಲ್ಲಿರುವ ನನ್ನ ಅಮ್ಮ ಇದನ್ನು ಓದಿನ ಸೊಕ್ಕು ಎನ್ನುತ್ತಾಳೆ. ಸೊಕ್ಕೇ ಇರಬಹುದು. ಆದರೆ ತಪ್ಪು ಎಲ್ಲಿದೆ ಎಂದು ಕೇಳಿದರೆ ಅವಳೂ ತೋರಿಸುವುದಿಲ್ಲ.

ಫೈರ್‌ವಾಲ್ ನನಗೆ ಹಿಡಿಸಿದ್ದು ಈ ಕಾರಣಕ್ಕೇ. ಒಂದು ಮನೆಯ ಇಂಟರ್‌ನೆಟ್‌ನಲ್ಲಿ ಬರುವುದು ಹೋಗುವುದು ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಎಲ್ಲಿಂದ, ಎಲ್ಲಿಗೆ, ಯಾವ ಬಾಗಿಲಿಗೆ ಎಂದು ಬರೆದಿರುತ್ತದೆ. ರೌಟರ್ ಅದನ್ನು ಕೈಯಲ್ಲಿ ಹಿಡಿದುಕೊಂಡು ನಾವು ಬರೆದ ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ಬರುತ್ತದೆ. ಮೊದಲು ಯಾವುದು ಹೊಂದಿತೋ ಅದೇ ತೀರ್ಪು. ಕೆಳಗಿನವನ್ನು ತಿರುಗಿಯೂ ನೋಡುವುದಿಲ್ಲ. ಯಾವುದಕ್ಕೂ ಹೊಂದದ ಪೊಟ್ಟಣಕ್ಕೆ ಕೊನೆಯ ಸಾಲು ಕಾದಿರುತ್ತದೆ: ಬಿಸಾಡು. ಬಿಸಾಡಿದ್ದನ್ನು ಕಳಿಸಿದವನಿಗೆ ತಿಳಿಸುವುದೂ ಇಲ್ಲ. ತನ್ನನ್ನು ತಾನು ಸಾಬೀತು ಮಾಡಿಕೊಳ್ಳದವನಿಗೆ ಒಳಗೆ ಜಾಗವಿಲ್ಲ. ಜಗತ್ತೂ ಹೀಗೆ ನಡೆದರೆ ಎಷ್ಟು ಚೆಂದ ಎಂದು ನಾನು ಅಂದುಕೊಂಡಿದ್ದ ಕಾಲ ಅದು.

ನಿಯಮ ಬರೆಯಬೇಕಾಗಿ ಬಂದದ್ದು ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದ ಮೇಲೆ. ಸೊಂಟದ ಮೂಳೆ ಕೂಡಿಸಿ ಮನೆಗೆ ಕಳಿಸಿದರು, ಆದರೆ ಅವಳು ಮತ್ತೆ ಕಾಲೂರಲಿಲ್ಲ. ಮಾವ ಮಲ್ಪೆಯಿಂದ ಮೀನಿನ ಲಾರಿ ಓಡಿಸುವವರು, ಊರಿನಲ್ಲಿದ್ದರೂ ನಿದ್ರೆಯಲ್ಲಿರುತ್ತಾರೆ. ಹಾಗಾಗಿ ಅಜ್ಜಿಯನ್ನು ಎತ್ತುವುದು, ಒರೆಸುವುದು, ಹೊರಳಿಸುವುದು, ಉಣ್ಣಿಸುವುದು ಎಲ್ಲ ಮಾಮಿಯ ಪಾಲಿಗೆ ಬಂತು. ಅಜ್ಜಿಯ ಕಿರಿಮಗಳು, ಎಂದರೆ ನನ್ನ ಚಿಕ್ಕಮ್ಮ, ಇದ್ದದ್ದು ಇಸ್ರೇಲಿನಲ್ಲಿ. ಅಲ್ಲಿ ಅವಳ ಕೆಲಸವೂ ಇದೇ. ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ಎತ್ತುವುದು, ಒರೆಸುವುದು, ಹೊರಳಿಸುವುದು, ಉಣ್ಣಿಸುವುದು. ನಮ್ಮ ಕಡೆಯಿಂದ ಈ ಕೆಲಸಕ್ಕೆ ಹೋದವರು ಬಹಳ ಜನ ಇದ್ದಾರೆ. ಬಿಟ್ಟು ಬರಲು ಅವಳಿಗೆ ಬದಲಿ ಜನ ಸಿಗಲಿಲ್ಲ. ಬದಲಿ ಸಿಗುವ ಹೊತ್ತಿಗೆ ಅಲ್ಲಿ ಯುದ್ಧ, ವಿಮಾನ ಇಲ್ಲ.

ಕ್ಯಾಮೆರಾದ ಉಪಾಯ ಅವಳದೇ. ಅಲ್ಲಿನ ಮುದುಕಿಯ ಕೋಣೆಯಲ್ಲೂ ಮಗ ಒಂದು ಕ್ಯಾಮೆರಾ ಇಟ್ಟಿದ್ದನಂತೆ, ಆಫೀಸಿನಿಂದ ನೋಡಲು. "ಅಮ್ಮನ ಕೋಣೆಗೂ ಅಂಥದ್ದೇ ಒಂದು ಹಾಕಿಸು ಮಗಾ," ಎಂದು ನನಗೆ ಫೋನ್ ಮಾಡಿದಳು. "ಆದರೆ ಅಲ್ಲಿ ಬಟ್ಟೆ ಬದಲಿಸುವುದು ಉಂಟು, ಒರೆಸುವುದು ಉಂಟು. ನಾನು ಬಿಟ್ಟು ಇನ್ನೊಂದು ಕಣ್ಣು ಬೀಳಬಾರದು. ನಿನ್ನ ಓದು ಇದಕ್ಕಾದರೂ ಬರಲಿ."

ಒಂದು ಭಾನುವಾರ ಬೆಳಿಗ್ಗೆ ಅಜ್ಜಿಯ ಮಂಚದ ಬದಿಯಲ್ಲಿ ನೆಲದ ಮೇಲೆ ಕುಳಿತು ಬರೆದೆ. ಕ್ಯಾಮೆರಾ ತಾನಾಗಿ ಹೊರಜಗತ್ತಿಗೆ ಎಲ್ಲಿಗೂ ಹೋಗಬಾರದು, ತಯಾರಿಸಿದ ಕಂಪೆನಿಗೂ ಕೂಡ. ಹೊರಗಿನಿಂದ ಚಿಕ್ಕಮ್ಮನ ಫೋನ್ ಮಾತ್ರ, ಅದರ ಕೀಲಿ ತೋರಿಸಿ, ಒಂದು ಸುರಂಗದಂಥ ದಾರಿಯಲ್ಲಿ ಒಳಗೆ ಬಂದು ಕ್ಯಾಮೆರಾವನ್ನು ಮುಟ್ಟಬಹುದು. ಪರೀಕ್ಷೆಗೆಂದು ನನ್ನ ಫೋನಿಗೂ ಒಂದು ಕೀಲಿ. ಉಳಿದದ್ದೆಲ್ಲ ಕೊನೆಯ ಸಾಲಿಗೆ. ಇವೆಲ್ಲದರ ತಲೆಯ ಮೇಲೆ, ಯಾರೇ ಬರೆದರೂ ಬರೆಯುವ ಮಾಮೂಲಿ ಸಾಲು: ಈಗಾಗಲೇ ಮಾತು ಶುರುವಾಗಿದ್ದರೆ ಅದನ್ನು ತಡೆಯಬೇಡ. ಅದಿಲ್ಲದಿದ್ದರೆ ರೌಟರ್ ಪ್ರತಿ ಪೊಟ್ಟಣಕ್ಕೂ ಹೊಸದಾಗಿ ವಿಚಾರಣೆ ಮಾಡುತ್ತಾ ಕುಳಿತುಕೊಳ್ಳುತ್ತದೆ. ವೇದಿಕೆಯಲ್ಲೂ ಹಾಗೇ ಅಲ್ಲವೇ, ಮಾತಿಗೆ ನಿಂತವನನ್ನು ನಡುವೆ ಕೂರಿಸುವುದಿಲ್ಲ.

ಅಜ್ಜಿ ತಲೆ ಹೊರಳಿಸಿ ನೋಡಿದಳು. ಮನೆಯ ಮಾತೆಲ್ಲ ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಎಂತ ಮಾಡ್ತಿ ಅದರಲ್ಲಿ?"

"ನಿನ್ನ ಕೋಣೆಗೆ ಕಾವಲು ಹಾಕ್ತಾ ಇದ್ದೇನೆ."

"ಯಾರನ್ನು ಬಿಡ್ತಿ?"

"ಚಿಕ್ಕಮ್ಮನನ್ನು ಮಾತ್ರ."

"ಅವಳು ಬರುವುದಾದರೆ ಕಾವಲು ಎಂತಕ್ಕೆ? ಬಾಗಿಲು ತೆಗೆದಿಟ್ಟರೆ ಆಗ್ಲಿಕ್ಕಿಲ್ವಾ?"

ಒಳಗಿನಿಂದ ಮಾಮಿ ನಕ್ಕರು. "ಬರುವವರಿಗೆ ಬಾಗಿಲು ಯಾವಾಗ ಹಾಕಿತ್ತು ಅಮ್ಮ ಈ ಮನೆಯಲ್ಲಿ!" ಎಂದರು. ಅದು ನಾದಿನಿಗೆ ತಾಗಲಿ ಎಂದೇ ಆಡಿದ ಮಾತು. ಆಗ ಕ್ಯಾಮೆರಾ ಇನ್ನೂ ಶುರುವಾಗಿರಲಿಲ್ಲ.

ಶುರುವಾದ ಮೇಲೆ ಗೋಡೆ ಮಾತಾಡತೊಡಗಿತು. ಕ್ಯಾಮೆರಾಕ್ಕೆ ಒಂದು ಪುಟ್ಟ ಸ್ಪೀಕರ್ ಇತ್ತು. ಚಿಕ್ಕಮ್ಮ ಮೊದಲು ಅಮ್ಮನನ್ನು ವಿಚಾರಿಸುತ್ತಿದ್ದಳು, ಆಮೇಲೆ ಅತ್ತಿಗೆಯನ್ನು ತಿದ್ದುತ್ತಿದ್ದಳು. "ಅತ್ತಿಗೇ, ಹಿಮ್ಮಡಿಯ ಕೆಳಗೆ ತಲೆದಿಂಬು ಇಡಿ, ಇಲ್ಲದಿದ್ರೆ ಹುಣ್ಣಾಗ್ತದೆ." "ಅತ್ತಿಗೇ, ಮಲಗಿಸಿಕೊಂಡು ಗಂಜಿ ಕೊಡಬೇಡಿ." ಹೇಳಿದ್ದೆಲ್ಲ ಸರಿಯೇ. ಕಷ್ಟ ಇದ್ದದ್ದೂ ಅಲ್ಲೇ. ತಪ್ಪು ಹೇಳುವವರನ್ನು ಬೈದು ಕೂರಿಸಬಹುದು. ಸರಿ ಹೇಳುತ್ತಾ ದೂರದಲ್ಲಿ ಇರುವವರನ್ನು ಏನು ಮಾಡುವುದು? ಮಾಮಿ ಗೋಡೆಯ ಕಡೆ ತಿರುಗಿ ಹೇಳುತ್ತಿದ್ದರು: "ಹೌದು ಮಾರಾಯ್ತಿ, ನೀನು ಕಲಿತವಳು. ನಾನು ಬರೀ ಎತ್ತುವವಳು." ಒಮ್ಮೆ ಕ್ಯಾಮೆರಾದ ಮೇಲೆ ಬೈರಾಸು, ಎಂದರೆ ಮೈ ಒರೆಸುವ ಬಟ್ಟೆ, ಹಾಕಿಟ್ಟರು. ಚಿಕ್ಕಮ್ಮ ಅವರೊಂದಿಗೆ ಮಾತು ಬಿಟ್ಟಳು. ಮಾಮಿಯೇ ಬೈರಾಸು ತೆಗೆದರು, ಆದರೆ ಸೋತೆ ಎಂದು ಕಾಣಬಾರದಲ್ಲ, "ತೊಳೆಯಬೇಕಿತ್ತು, ತೆಗೆದೆ" ಎಂದರು.

ನಾನು ಚಿಕ್ಕಮ್ಮನ ಜೊತೆ ವಾದಿಸಿದ್ದೇನೆ. ದಿನವಿಡೀ ತಲೆಯ ಮೇಲೆ ಕಣ್ಣು ಇದ್ದರೆ ಹೇಗಿರುತ್ತದೆ ಎಂದು ನಿನಗೇ ಗೊತ್ತಿರಬೇಕಲ್ಲ, ನಿನ್ನ ಮೇಲೂ ಒಂದಿದೆಯಲ್ಲ, ಅದು ನಿನಗೆ ಇಷ್ಟವಾ ಎಂದು ಕೇಳಿದೆ. ವೇದಿಕೆಯಲ್ಲಾದರೆ ಚಪ್ಪಾಳೆ ಬೀಳುವ ಪ್ರಶ್ನೆ.

"ಇಷ್ಟವಾ ಅಂತ ನನ್ನನ್ನು ಯಾರು ಕೇಳಿದ್ದಾರೆ?" ಎಂದಳು. "ಆ ಮಗನಿಗೆ ನನ್ನ ಮೇಲೆ ಅನುಮಾನ ಅಂತ ಮೊದಲು ಸಿಟ್ಟು ಬರ್ತಿತ್ತು. ಈಗ ಬರುವುದಿಲ್ಲ. ಅವನಿಗೆ ಅಮ್ಮನನ್ನು ನೋಡಬೇಕು. ನಡುವೆ ನಾನು ಕಾಣ್ತೇನೆ, ಅಷ್ಟೆ. ಅತ್ತಿಗೆಗೂ ಹಾಗೇ ಹೇಳು," ಎಂದಳು.

ನಾನು ಹೇಳಲಿಲ್ಲ. ಹೇಳಿದ್ದರೂ ಮಾಮಿ ಒಪ್ಪುತ್ತಿರಲಿಲ್ಲ.

ಅಜ್ಜಿ ಹೋದದ್ದು ಒಂದು ಸಂಜೆ, ಇನ್ನೂ ಬೆಳಕಿರುವಾಗ. ಮಾಮಿ ಹಿಂದಿನ ಜಗಲಿಯಲ್ಲಿ ಮೀನು ಮಾಡುತ್ತಿದ್ದರು, ಎಂದರೆ ಕೊಯ್ದು ಶುಚಿ ಮಾಡುತ್ತಿದ್ದರು. ಅಲ್ಲಿ, ಸಮುದ್ರದಾಚೆ, ಚಿಕ್ಕಮ್ಮ ತನ್ನ ಮುದುಕಿಗೆ ಚಹಾ ಕೊಟ್ಟು ಫೋನ್ ತೆರೆದಿದ್ದಾಳೆ. ಅಮ್ಮನ ಉಸಿರಾಟ ಬೇರೆ ರೀತಿ ಕಂಡಿದೆ. ಆ ರೀತಿ ಅವಳಿಗೆ ಗೊತ್ತು. ಅದನ್ನು ನೋಡುವುದೇ ಅವಳ ವೃತ್ತಿ. "ಅತ್ತಿಗೇ! ಅತ್ತಿಗೇ ಬನ್ನಿ!" ಎಂದು ಗೋಡೆ ಕಿರುಚಿತು. ಮಾಮಿ ಮೀನಿನ ಕೈಯಲ್ಲೇ ಓಡಿ ಬಂದರು. ಅಜ್ಜಿಯ ಬಾಯಿಗೆ ನೀರು ಬಿಡಲು ಕೈ ತೊಳೆಯಬೇಕಿತ್ತು. ತೊಳೆದು ಬರುವಷ್ಟರಲ್ಲಿ ಮುಗಿದಿತ್ತು.

ಮನೆಯೊಳಗೆ ಇದ್ದವರಿಗಿಂತ ಮೊದಲು ಹೊರಗಿದ್ದವಳಿಗೆ ಗೊತ್ತಾಯಿತು ಎಂಬುದನ್ನು ಮಾಮಿ ಹೇಗೆ ನುಂಗಿಕೊಂಡರೋ ನನಗೆ ತಿಳಿಯದು. ಬಂದವರೆಲ್ಲರಿಗೂ ತಾವಾಗಿಯೇ ಹೇಳುತ್ತಿದ್ದರು: "ನಾನು ಮೀನು ಮಾಡ್ತಾ ಇದ್ದೆ." ಯಾರೂ ಕೇಳಿರಲಿಲ್ಲ.

ಮರುದಿನ ಅಜ್ಜಿಯನ್ನು ಹೊರಗೆ ತಂದರು. ಕ್ಯಾಮೆರಾ ಇದ್ದದ್ದು ಮಂಚಕ್ಕೆ ಎದುರಾಗಿ. ಚಿಕ್ಕಮ್ಮನಿಗೆ ಅಮ್ಮ ಕಂಡದ್ದು ಕೋಣೆಯ ಬಾಗಿಲವರೆಗೆ. ಆಮೇಲೆ ಖಾಲಿ ಮಂಚ. ಅಂಗಳದಿಂದ ನಾನು ವಿಡಿಯೋ ಕಾಲ್ ಮಾಡಿದೆ. ಜನರ ಬೆನ್ನು, ಆಕಾಶ, ಯಾರದೋ ಕೊಡೆ. ಸಾಕು, ಇಡು ಎಂದಳು.

ಆ ಕ್ಯಾಮೆರಾವನ್ನು ಆಮೇಲೂ ಯಾರೂ ತೆಗೆಯಲಿಲ್ಲ. ಯಾಕೆ ಎಂದರೆ, ತೆಗೆ ಎಂದು ಬಾಯಿಬಿಟ್ಟು ಹೇಳುವವರು ಯಾರು? ಚಿಕ್ಕಮ್ಮ ಪ್ರತಿದಿನ ಖಾಲಿ ಕೋಣೆಯನ್ನು ತೆರೆದು ನೋಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಆದರೆ ಅವಳು ನೋಡುವಾಗ ಕ್ಯಾಮೆರಾದಲ್ಲಿ ಒಂದು ನೀಲಿ ಚುಕ್ಕೆ ಹೊತ್ತಿಕೊಳ್ಳುತ್ತದೆ. ಮಾಮಿ ಆ ಕೋಣೆಯ ಕಸ ಗುಡಿಸಲು ಹೋದರೆ ಮೊದಲು ಆ ಚುಕ್ಕೆ ನೋಡುತ್ತಿದ್ದರು. ಹೊತ್ತಿದ್ದರೆ ಕಸಬರಿಕೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು.

ಹೀಗೆ ಮಳೆಗಾಲದ ನಡುವಿನ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದನ್ನು ಮಾಡಿ, ಬಾಳೆಎಲೆಯಲ್ಲಿ ಬಡಿಸಿ, ದೀಪವಿಟ್ಟು, ಒಳಗೆ ಬನ್ನಿ ಎಂದು ಕರೆದು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಅವರು ಉಣ್ಣುವಾಗ ಯಾರೂ ನೋಡಬಾರದು. ಕಂಡರೆ ಅವರು ಎದ್ದುಹೋಗುತ್ತಾರೆ, ಹಸಿದೇ ಹೋಗುತ್ತಾರೆ. ಚಿಕ್ಕವಳಿದ್ದಾಗ ಒಮ್ಮೆ ಅಜ್ಜನಿಗೆ ಬಡಿಸಿದ್ದಾಗ ನಾನು ಕಿಟಕಿಯ ಸಂದಿನಲ್ಲಿ ಇಣುಕಿದ್ದೆ. ಎಲೆ ಇದ್ದ ಹಾಗೇ ಇತ್ತು. ಅಜ್ಜಿಗೆ ಜಂಬದಿಂದ ಹೇಳಿದೆ: ನಾನು ನೋಡಿದೆ, ಯಾರೂ ಬರಲಿಲ್ಲ. ಅವಳು ಕಿವಿ ಹಿಂಡಿ, "ನೀನು ನೋಡ್ತಿದ್ದೆ, ಹಾಗಾಗಿ ಬರಲಿಲ್ಲ," ಎಂದಳು. ಸುಳ್ಳೆಂದು ತೋರಿಸಲು ದಾರಿಯನ್ನೇ ಬಿಡದ ವಾದ ವಾದವೇ ಅಲ್ಲ ಎಂದು ನಾನು ಕಾಲೇಜಿನಲ್ಲಿ ಎಷ್ಟೋ ಎದುರಾಳಿಗಳನ್ನು ಕೂರಿಸಿದ್ದೇನೆ. ಅಜ್ಜಿಯ ಎದುರು ಮಾತ್ರ ಆ ದಿನ ಕಿವಿ ಉಜ್ಜಿಕೊಂಡು ನಿಂತಿದ್ದೆ.

ಬಡಿಸುವ ದಿನಕ್ಕೆ ಮೊದಲಿನ ವಾರ ಮಾಮಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ಅಜ್ಜಿ ಇದ್ದದ್ದು ಆ ಕೋಣೆಯಲ್ಲಿ, ಬಡಿಸಬೇಕಾದದ್ದೂ ಅಲ್ಲೇ.

"ಅದನ್ನು ಆ ಹೊತ್ತಿಗೆ ಮುಚ್ಚಬೇಕು ಮಗಾ. ಕಣ್ಣು ತೆರೆದುಕೊಂಡಿದ್ದರೆ ಅಮ್ಮ ಒಳಗೆ ಬರುವುದು ಹೇಗೆ?"

"ಪ್ಲಗ್ ಎಳೆಯಿರಿ ಮಾಮಿ."

"ಎಳೆದರೆ ನಾನೇ ಎಳೆದದ್ದು ಅಂತ ಅವಳಿಗೆ ಗೊತ್ತಾಗ್ತದೆ. ಬೈರಾಸಿನ ಕಥೆ ಮರೆತಿಯಾ? ನೀನು ಮುಚ್ಚಿದರೆ ಅದು ಕಂಪ್ಯೂಟರ್ ಮಾಡಿದ್ದು ಅಂತ ಆಗ್ತದೆ."

"ಮಾಮಿ, ಯಾರೂ ಬರುವುದಿಲ್ಲ. ತೆರೆದಿದ್ದರೂ ಬರುವುದಿಲ್ಲ, ಮುಚ್ಚಿದರೂ ಬರುವುದಿಲ್ಲ. ಇಲ್ಲದ ಒಂದು ವಿಷಯಕ್ಕೆ ನೀವಿಬ್ಬರೂ ಜಗಳ..."

"ಬರುವುದಿಲ್ಲ ಅಂತಾದರೆ ಮುಚ್ಚಲಿಕ್ಕೆ ನಿನಗೆ ಎಂತ ಕಷ್ಟ?" ಎಂದರು ಮಾಮಿ. "ನಾನು ಅಮ್ಮನಿಗೆ ಇಷ್ಟು ಕಾಲ ಉಣ್ಣಿಸಿದೆ. ಒಂದು ದಿನವೂ ಯಾರೂ ನೋಡದ ಹಾಗೆ ಉಣ್ಣಿಸ್ಲಿಕ್ಕೆ ನನಗೆ ಬಿಡಲಿಲ್ಲ. ಇದೊಂದು ಸಲ ಬಿಡಿ."

ಮುಚ್ಚುವುದು ನನಗೆ ಕಷ್ಟವಲ್ಲ ಎಂದೆ. ಆದರೆ ಕದ್ದು ಮುಚ್ಚಲು ನಾನು ಒಪ್ಪಲಿಲ್ಲ. ಎರಡೂ ಕಡೆ ಕೇಳದೆ ತೀರ್ಪಿಲ್ಲ ಎಂದು ಚಿಕ್ಕಮ್ಮನಿಗೆ ಫೋನ್ ಮಾಡಿ ನೇರವಾಗಿ ಹೇಳಿದೆ.

"ಬೇಡ," ಎಂದಳು. "ತೆಗೆದುಕೊಂಡು ಹೋಗುವಾಗ ನನಗೆ ಬಾಗಿಲವರೆಗೆ ಮಾತ್ರ ಕಂಡದ್ದು. ಬರುವಾಗಲಾದರೂ ನೋಡ್ತೇನೆ."

"ಚಿಕ್ಕಮ್ಮ, ನೀನೂ ಹೀಗೆ ಹೇಳಿದರೆ ಹೇಗೆ? ಯಾರೂ ಬರುವುದಿಲ್ಲ."

"ಬಾರದಿದ್ದರೆ ಖಾಲಿ ಕೋಣೆ ನೋಡ್ತೇನೆ. ದಿನಾ ನೋಡ್ತೇನಲ್ಲ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ನೋಡಬಾರದು ಅಂತ ಕ್ರಮ ಉಂಟಲ್ಲ. ನಂಬುವವಳು ನೀನು, ನಾನಲ್ಲ."

"ನೀನು ಮಾಡಿದ ಬಾಗಿಲು, ನೀನೇ ಮುಚ್ಚು. ನನ್ನನ್ನು ಕೇಳಬೇಡ," ಎಂದು ಫೋನ್ ಇಟ್ಟಳು.

ಆ ದಿನ ಮಳೆ ಬಿಟ್ಟೂ ಬಿಟ್ಟೂ ಬರುತ್ತಿತ್ತು. ದೊಡ್ಡ ಬೋಟುಗಳಿಗೆ ಆಗ ರಜೆ, ಮಾವನ ಲಾರಿಗೂ ರಜೆ. ನಾಡದೋಣಿಯವರಿಂದ ಮಾವ ಬಂಗುಡೆ ಮೀನು ತಂದಿದ್ದರು. ಮಾಮಿ ಅದರ ಹುಳಿಖಾರದ ಪುಳಿಮುಂಚಿ ಮಾಡಿದರು, ಕಡುಬು ಮಾಡಿದರು. ಅಜ್ಜಿಗೆ ಕೊನೆಕೊನೆಗೆ ಇಳಿಯುತ್ತಿದ್ದ ತೆಳು ಗಂಜಿಯನ್ನೂ ಒಂದು ಬಟ್ಟಲಲ್ಲಿ ಇಟ್ಟರು. "ಈಗ ಗಂಜಿ ಎಂತಕ್ಕೆ? ಹಲ್ಲೆಲ್ಲ ವಾಪಸು ಬಂದಿರಬಹುದು," ಎಂದರು ಮಾವ. "ಅಭ್ಯಾಸ ಆದದ್ದು," ಎಂದರು ಮಾಮಿ. ಎಲೆಯ ತುದಿಗೆ ವೀಳ್ಯದೆಲೆ, ಅಡಿಕೆ, ಹೊಗೆಸೊಪ್ಪಿನ ಒಂದು ಚೂರು. ಕಾರ್ಕಳದಿಂದ ಬಂದಿದ್ದ ಅಮ್ಮ ದೀಪ ಹಚ್ಚಿದಳು.

ಬಡಿಸುವ ಮೊದಲು ನಾನು ಜಗಲಿಯಲ್ಲಿ ಕುಳಿತು ಹೊಸ ನಿಯಮ ಸೇರಿಸಿದೆ: ಹೊರಗಿನಿಂದ ಕ್ಯಾಮೆರಾಕ್ಕೆ ಯಾರೂ ಇಲ್ಲ. ಚಿಕ್ಕಮ್ಮನನ್ನು ಬಿಡುವ ಸಾಲಿಗಿಂತ ಮೇಲೆ ಅದನ್ನು ಇಟ್ಟೆ. ಕೆಳಗಿಟ್ಟರೆ ಉಪಯೋಗವಿಲ್ಲ ಎಂದು ಗೊತ್ತಿದ್ದ ಜಾಣೆ ನಾನು. ಪರೀಕ್ಷೆಯನ್ನೂ ಮಾಡಿದೆ. ನನ್ನ ಫೋನನ್ನು ಮನೆಯ ವೈಫೈ ಬಿಡಿಸಿ, ಹೊರಗಿನವರ ಹಾಗೆ ಕ್ಯಾಮೆರಾ ತೆರೆಯಲು ನೋಡಿದೆ. ತೆರೆಯಲಿಲ್ಲ. "ಆಯ್ತು ಮಾಮಿ," ಎಂದೆ. ಮಾಮಿ ಅಷ್ಟಕ್ಕೇ ನಂಬಿದರು. ಕೋಣೆಗೆ ಹೋಗಿ ಗೋಡೆಯ ಕಡೆ ತಲೆ ಎತ್ತಲೂ ಇಲ್ಲ, ಸೆರಗು ಸರಿಮಾಡಿಕೊಂಡು ಕುಳಿತು ಬಡಿಸಿದರು. "ಉಲಾಯಿ ಬಲೆ ಅಮ್ಮ," ಎಂದು ಕರೆದರು, ಒಳಗೆ ಬನ್ನಿ ಎಂದು. ಆಮೇಲೆ ಯಾರೂ ಹೇಳಿಕೊಡದ ಒಂದು ಮಾತು ಸೇರಿಸಿದರು: "ಇವತ್ತು ನಿಧಾನ ಉಣ್ಣಿ. ಯಾರೂ ಇಲ್ಲ."

ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ನಿಂತೆವು. ಆ ಹೊತ್ತಿಗೆ ಮಾತಾಡಬಾರದು. ಹಂಚಿನ ಅಂಚಿನಿಂದ ನೀರು ಬೀಳುತ್ತಿತ್ತು. ನಾನು ನಂಬುವವಳಲ್ಲ, ಈಗಲೂ ಅಲ್ಲ. ಆದರೂ ಬಾಗಿಲ ಕಡೆ ಬೆನ್ನು ಹಾಕಿ ನಿಂತಿದ್ದೆ. ನಿಲ್ಲಲು ಜಾಗ ಅಲ್ಲೇ ಇದ್ದದ್ದು ಎಂದು ಬೇಕಾದರೆ ವಾದಿಸಬಹುದು.

ಸಾಕು ಎನಿಸಿದಾಗ ಮಾಮಿ ಬಾಗಿಲು ತಟ್ಟಿ, ಒಮ್ಮೆ ಕೆಮ್ಮಿ, ತೆಗೆದರು.

ಎಲೆ ಇದ್ದ ಹಾಗೇ ಇತ್ತು. ದೀಪ ಉರಿಯುತ್ತಿತ್ತು. ಗೋಡೆಯ ಮೇಲೆ ನೀಲಿ ಚುಕ್ಕೆಯೂ ಉರಿಯುತ್ತಿತ್ತು.

ನನಗೆ ಆ ಕ್ಷಣದಲ್ಲೇ ಎಲ್ಲವೂ ಹೊಳೆಯಿತು. ಎಲ್ಲದಕ್ಕಿಂತ ಮೇಲೆ ನಾನೇ ಬರೆದಿಟ್ಟ ಸಾಲು: ಮಾತು ಶುರುವಾಗಿದ್ದರೆ ತಡೆಯಬೇಡ. ಚಿಕ್ಕಮ್ಮ ಬೆಳಿಗ್ಗೆಯೇ ಕ್ಯಾಮೆರಾ ತೆರೆದಿದ್ದಾಳೆ, ಮುಚ್ಚಿಲ್ಲ. ನನ್ನ ಹೊಸ ನಿಯಮ ಹೊಸಬರನ್ನು ಮಾತ್ರ ತಡೆದಿದೆ. ನನ್ನ ಪರೀಕ್ಷೆಯ ಫೋನ್ ಹೊಸಬರ ಸಾಲಿನಲ್ಲಿತ್ತು. ಅವಳು ಮೊದಲಿನಿಂದಲೂ ಒಳಗಿದ್ದಳು.

ಮಾಮಿಯೂ ಚುಕ್ಕೆ ನೋಡಿದರು. ನನ್ನನ್ನು ನೋಡಲಿಲ್ಲ. ನೋಡಿ ಬೈದಿದ್ದರೆ ಒಳ್ಳೆಯದಿತ್ತು.

"ಉಂಟಾ ಅಲ್ಲಿ?" ಎಂದು ಗೋಡೆಯನ್ನು ಕೇಳಿದರು.

"ಉಂಟು ಅತ್ತಿಗೆ."

"ಎಂತ ನೋಡಿದಿ?"

"ನೋಡಲಿಲ್ಲ ಅತ್ತಿಗೆ."

"ಹೌದಾ! ಚುಕ್ಕೆ ತಾನಾಗಿಯೇ ಹೊತ್ತಿಕೊಂಡಿದ್ದಾ?"

"ಬೆಳಿಗ್ಗೆಯಿಂದ ಫೋನ್ ಹಿಡಿದುಕೊಂಡು ಕೂತಿದ್ದೆ. ಈಗ ಕತ್ತಲಾಗ್ತದೆ, ಈಗ ಕತ್ತಲಾಗ್ತದೆ ಅಂತ. ನೀವು ಬಡಿಸಿದಿರಿ, ಗಂಜಿ ಇಟ್ಟಿರಿ, ಕರೆದಿರಿ. ಬಾಗಿಲು ಹಾಕುವುದು ಕಂಡಿತು. ಆದ್ರೂ ಇವಳು ನನ್ನನ್ನು ಮುಚ್ಚಲಿಲ್ಲ. ಮುಚ್ಚಲಿಕ್ಕೆ ಇವಳಿಗೆ ಮನಸ್ಸು ಬರಲಿಲ್ಲ ಅಂದುಕೊಂಡೆ. ಯಾರೂ ಮುಚ್ಚದಿದ್ದರೆ ಮತ್ತೆ ನಾನೇ ಅಲ್ವಾ ಹೊರಗೆ ಹೋಗಬೇಕಾದ್ದು?" ಅವಳು ಉಸಿರು ತೆಗೆದುಕೊಂಡಳು. "ಫೋನ್ ಅಜ್ಜಿಯ ಮಂಚದ ಮೇಲೆ ಕವುಚಿಟ್ಟು, ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ನಿಂತೆ. ಅಮ್ಮ ಉಣ್ಣುವಾಗ ಮಗಳೂ ಹೊರಗೆ ನಿಲ್ಲಬೇಕಲ್ಲ. ನೀವೆಲ್ಲ ನಿಂತಿದ್ದ ಹಾಗೆ."

ಅವಳು ಅಜ್ಜಿ ಎಂದದ್ದು ಅಲ್ಲಿನ ಮುದುಕಿಯನ್ನು. ಮಾಮಿ ಅದನ್ನೇ ಹಿಡಿದುಕೊಂಡರು.

"ಆ ಮುದುಕಿಯನ್ನು ಒಬ್ಬಳನ್ನೇ ಬಿಟ್ಟು ಹೊರಗೆ ನಿಂತಿಯಾ? ಅಲ್ಲಿಯದ್ದು ಕ್ಯಾಮೆರಾ ಉಂಟಲ್ಲ ನಿನ್ನ ತಲೆಯ ಮೇಲೆ? ಅವರ ಮಗ ಕಂಡರೆ?"

"ಕಂಡ. ಫೋನ್ ಮಾಡಿದ. ಯಾಕೆ ಹೊರಗೆ ಹೋದೆ ಅಂತ ಕೇಳಿದ."

"ನೀನೆಂತ ಹೇಳಿದಿ?"

"ಅಮ್ಮ ಊಟಕ್ಕೆ ಬಂದಿದ್ದಾಳೆ ಅಂತ ಆ ಭಾಷೆಯಲ್ಲಿ ಹೇಳುವುದು ಹೇಗೆ ಅತ್ತಿಗೆ? ತಲೆ ಸುತ್ತಿತು ಅಂದೆ."

ಮಾಮಿ ಎಲೆಯ ಎದುರು ನೆಲದ ಮೇಲೆ ಕುಳಿತುಬಿಟ್ಟರು. "ಬಂಗುಡೆಗೆ ಹುಳಿ ಸ್ವಲ್ಪ ಹೆಚ್ಚಾಗಿದೆ ಕಾಣ್ತದೆ," ಎಂದರು. "ಅಮ್ಮನಿಗೆ ಹಾಗೇ ಇಷ್ಟ," ಎಂದಿತು ಗೋಡೆ. ಅವರಿಬ್ಬರೂ ಅಳುವಾಗ ನಾನು ಅಲ್ಲಿ ನಿಂತಿರುವುದು ಸರಿಯಲ್ಲ ಎನಿಸಿತು.

ನಾನು ಜಾರಿಗೆ ತಂದ ನಿಯಮ ಕೆಲಸ ಮಾಡಲಿಲ್ಲ. ಯಾರೂ ಜಾರಿಗೆ ತರಲಾಗದ ನಿಯಮವನ್ನು, ನಾವ್ಯಾರೂ ನೋಡದ ಕಡೆ, ಅವಳು ಪಾಲಿಸಿದಳು. ಇದರಿಂದ ಅಜ್ಜಿ ಬಂದಳು ಎಂದು ಸಾಬೀತಾಗುವುದಿಲ್ಲ. ಹಾಗೆಂದು ಯಾರಾದರೂ ವಾದಿಸಿದರೆ ಇವತ್ತೂ ನಾನು ಎದ್ದುನಿಂತು ಖಂಡಿಸುತ್ತೇನೆ. ಆದರೆ ಚಿಕ್ಕಮ್ಮ ನಾನು ಬೇಕೆಂದೇ ಬಿಟ್ಟೆ ಎಂದು ತಿಳಿದುಕೊಂಡಿದ್ದಾಳಲ್ಲ, ಅದನ್ನು ನಾನು ಈವರೆಗೂ ಖಂಡಿಸಿಲ್ಲ.

ಕೆಲಸ ಮಾಡದ ಆ ಹೊಸ ನಿಯಮವನ್ನು ಅದೇ ಸಂಜೆ ತೆಗೆದುಹಾಕಿದ್ದೆ. ಕೆಲವು ದಿನಗಳ ನಂತರ ಅವಳೇ ಫೋನ್ ಮಾಡಿದಳು. "ಇನ್ನು ನನ್ನನ್ನು ಅದರಿಂದ ತೆಗೆ ಮಗಾ. ಉಂಟು ಅಂತಾದರೆ ನೋಡಬೇಕು ಅನಿಸ್ತದೆ. ನೋಡಿದರೆ ಆ ಮಂಚ. ಅತ್ತಿಗೆಗೂ ಆ ಕೋಣೆ ಬೇಕು."

ಸಂಜೆ ಕಾಪುವಿಗೆ ಹೋಗಿ ಚಿಕ್ಕಮ್ಮನ ಸಾಲನ್ನು ಅಳಿಸಿದೆ. ಈ ಸಲ ಪಾಠ ಕಲಿತಿದ್ದೆ: ಶುರುವಾದ ಮಾತೂ ನಿಲ್ಲಬೇಕಲ್ಲ, ರೌಟರನ್ನೇ ಆರಿಸಿ ಮತ್ತೆ ಹಚ್ಚಿದ್ದಾಯಿತು. ಹಸಿರು ದೀಪಗಳು ಒಂದೊಂದಾಗಿ ಬಂದವು. ನೀಲಿ ಚುಕ್ಕೆ ಬರಲಿಲ್ಲ. ಎಲ್ಲ ಸರಿಯಾಗಿದೆಯೇ ಎಂದು ಲ್ಯಾಪ್‌ಟಾಪಿನಲ್ಲಿ ನಿಯಮಗಳನ್ನು ತೆರೆದು ನೋಡಿದೆ. ಪ್ರತಿ ನಿಯಮದ ಪಕ್ಕದಲ್ಲೂ, ಅದಕ್ಕೆ ಎಷ್ಟು ಪೊಟ್ಟಣ ಬಿದ್ದವು ಎಂಬ ಲೆಕ್ಕ ಓಡುತ್ತಿರುತ್ತದೆ. ಕೊನೆಯ ಸಾಲಿನ ಲೆಕ್ಕ ಏರುತ್ತಿತ್ತು. ಸ್ವಲ್ಪ ನಿಂತು, ಮತ್ತೆ ಒಂದು. ಮತ್ತೆ ನಿಂತು, ಮತ್ತೆ ಒಂದು. ಎಲ್ಲವೂ ನಾನು ಚಿಕ್ಕಮ್ಮನಿಗೆ ತೋಡಿಕೊಟ್ಟಿದ್ದ ಸುರಂಗದ ಬಾಗಿಲಿಗೇ ಬರುತ್ತಿದ್ದವು.

ಮಾಮಿ ಊದುಬತ್ತಿ ಹಿಡಿದುಕೊಂಡು ಹಿಂದೆ ನಿಂತಿದ್ದರು.

"ಅದೆಂತ, ಏರ್ತಾ ಉಂಟಲ್ಲ?"

"ಚಿಕ್ಕಮ್ಮನ ಫೋನ್. ಒಳಗೆ ಬರಬಹುದಾ ಅಂತ ಕೇಳ್ತಾ ಉಂಟು."

"ಅವಳೇ ಅಲ್ವಾ ತೆಗೆ ಅಂದದ್ದು?"

"ಅವಳು ಕೇಳುವುದಲ್ಲ ಮಾಮಿ, ಯಂತ್ರ. ಅವಳ ಫೋನಿನಲ್ಲಿ ನಾನೇ ಹಾಗೆ ಮಾಡಿಟ್ಟದ್ದು. ದಾರಿ ಮುಚ್ಚಿದೆ ಅಂತ ಅದಕ್ಕೆ ಗೊತ್ತಿಲ್ಲ, ನಮ್ಮ ರೌಟರ್ ಉತ್ತರ ಕೊಡುವುದೂ ಇಲ್ಲ. ಆ ಕಡೆ ಈಗ ಯಾರೂ ಇಲ್ಲ. ಸುಮ್ಮನೆ ತಟ್ತಾ ಇರ್ತದೆ."

ಹೇಳುತ್ತಿರುವುದು ಅಕ್ಷರಶಃ ಸತ್ಯ. ಆದರೂ ಹೇಳಿ ಮುಗಿಸುವ ಹೊತ್ತಿಗೆ ನನ್ನ ದನಿ ನನಗೇ ಹಿಡಿಸಲಿಲ್ಲ.

ಮಾಮಿ ಇನ್ನೆರಡು ಸಲ ಲೆಕ್ಕ ಏರುವುದನ್ನು ನೋಡಿದರು. ಊದುಬತ್ತಿಯ ಬೂದಿ ಉದುರಿತು.

"ಬಾಗಿಲು ತಟ್ಟುವಾಗ ಹಾಗೆ ಹಾಕಿಡಬಾರದು ಮಾರಾಯ್ತಿ," ಎಂದರು. "ತೆಗಿ."

"ನಿಮಗೆ ಕೋಣೆ ಬೇಕು ಅಂತ ಅಲ್ವಾ..."

"ತೆಗಿ ಅಂದೆನಲ್ಲ. ನಿನ್ನ ಚರ್ಚೆ ಆಮೇಲೆ."

ಅಳಿಸಿದ ಸಾಲನ್ನು ಅದರ ಜಾಗದಲ್ಲೇ ಮತ್ತೆ ಬರೆದೆ. ಕೊನೆಯ ಸಾಲಿನ ಲೆಕ್ಕ ನಿಂತಿತು. ಮಾಮಿ ದೇವರಿಗೆ ಊದುಬತ್ತಿ ಸಿಕ್ಕಿಸಿ, ಅಜ್ಜಿಯ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕುಳಿತು ಕ್ಯಾಮೆರಾದ ಕಡೆ ತಲೆ ಎತ್ತಿದರು.

"ಊಟ ಆಯ್ತಾ?" ಎಂದು ಕೇಳಿದರು.

ಚುಕ್ಕೆ ಹೊತ್ತಿರಲಿಲ್ಲ. ಆ ಹೊತ್ತಿಗೆ ಅವಳು ಅಲ್ಲಿ ಯಾರದೋ ಅಮ್ಮನಿಗೆ ಉಣ್ಣಿಸುತ್ತಿರುತ್ತಾಳೆ. ಮಾಮಿಗೂ ಅದು ಗೊತ್ತಿತ್ತು. ಆದರೂ ಎದ್ದು ಬರಲಿಲ್ಲ, ಅಲ್ಲೇ ಕುಳಿತಿದ್ದರು.